ಬೇಸ್ ಕೆಲಸಕ್ಕೆ ಹೋಗುವವರೇ, ಗಾಯವಾದರೆ ಮೊದಲು ಬರೆದು ಕೊಡಿ

ಕುವೈತ್‌ನ ಕ್ಯಾಂಪ್ ಆರಿಫ್‌ಜಾನ್‌ನಂಥ ಅಮೆರಿಕನ್ ಸೇನಾ ನೆಲೆಗಳಿಗೆ ನಮ್ಮ ಕರಾವಳಿ ಹುಡುಗರು ಈಗಲೂ ಬರುತ್ತಿದ್ದಾರೆ. ಮೆಸ್, ಲಾಂಡ್ರಿ, ಗೋದಾಮು, ಟ್ರಕ್ಕು. ಸಂಬಳ, ಬಿಸಿಲು, ಗೇಟ್ ಪಾಸ್ ಬಗ್ಗೆ ಊರಲ್ಲೇ ಎಲ್ಲ ಕೇಳಿಕೊಂಡು ಬಂದಿರುತ್ತೀರಿ, ಅದು ಬೇಡ. ಗಾಯವಾದರೆ ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಿರುವುದಿಲ್ಲ.

ಅಮೆರಿಕದಲ್ಲಿ 1941ರ ಡಿಫೆನ್ಸ್ ಬೇಸ್ ಆಕ್ಟ್ ಅಂತ ಒಂದು ಕಾನೂನಿದೆ. ಅವರ ಸೇನೆಯ ಗುತ್ತಿಗೆ ಕೆಲಸ ಮಾಡುವವರು ಭಾರತದವರಾದರೂ, ಸಬ್ ಕಾಂಟ್ರ್ಯಾಕ್ಟರ್ ಕೈಕೆಳಗಿದ್ದರೂ ಅದು ಅನ್ವಯಿಸುತ್ತದೆ. ಚಿಕಿತ್ಸೆಯ ಖರ್ಚು ಸಿಗುತ್ತದೆ. ಕೆಲಸ ಮಾಡಲು ಆಗದಷ್ಟು ಕಾಲ ಸಂಬಳದ ಮೂರನೇ ಎರಡು ಭಾಗ ಸಿಗುತ್ತದೆ. ಕೆಲಸದಲ್ಲಿ ಜೀವ ಹೋದರೆ ಹೆಂಡತಿಗೆ ಸಂಬಳದ ಅರ್ಧ, ಮಕ್ಕಳಿದ್ದರೆ ಇನ್ನೂ ಜಾಸ್ತಿ.

ಆದರೆ ಗಾಯವಾದ 30 ದಿನದೊಳಗೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅದಕ್ಕೆ ಅಮೆರಿಕದ ಕಾರ್ಮಿಕ ಇಲಾಖೆಯ ಫಾರಂ ಇದೆ, ಎಲ್‌ಎಸ್-201. ಪರಿಹಾರದ ಕ್ಲೇಮಿಗೆ ಎಲ್‌ಎಸ್-203, ಸಾಮಾನ್ಯವಾಗಿ ಒಂದು ವರ್ಷದೊಳಗೆ. ನಮ್ಮವರು ಎಡವುವುದು ಇಲ್ಲೇ. ಸೂಪರ್‌ವೈಸರ್ ಹತ್ತಿರ ಬಾಯಲ್ಲಿ ಹೇಳಿ ಸುಮ್ನಾಗುತ್ತಾರೆ.

ನನ್ನ ರೂಮಿನಲ್ಲಿದ್ದ ಕುಂದಾಪುರ ಕಡೆಯ ಹುಡುಗನಿಗೆ ಲೋಡ್ ಇಳಿಸುವಾಗ ಬೆನ್ನು ಹಿಡಿಯಿತು. ನೋವಿನ ಮಾತ್ರೆ ಕೊಟ್ಟರು, "ಕಂಪನಿ ನೋಡ್ಕೊಳ್ಳುತ್ತೆ" ಅಂದರು. ಸ್ವಲ್ಪ ದಿನ ಕಳೆದ ಮೇಲೆ ಎರಡು ತಿಂಗಳ ಸಂಬಳ, ಊರಿನ ಟಿಕೆಟ್, ಜೊತೆಗೆ "ಇನ್ನು ಏನೂ ಕೇಳುವುದಿಲ್ಲ" ಅಂತ ಒಂದು ಕಾಗದ. ಸಹಿ ಹಾಕಿದ. ಮಣಿಪಾಲದಲ್ಲಿ ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡ. ಸಹಿ ಹಾಕಿದ ಮೇಲೆ ಮುಗೀತು ಅಂತಲೇ ಎಲ್ಲರೂ ಅವನಿಗೆ ಹೇಳಿದ್ದು. ಅದು ಸುಳ್ಳು. ಕಾರ್ಮಿಕ ಹಾಗೆ ಹಕ್ಕು ಬಿಟ್ಟುಕೊಟ್ಟರೆ ಆ ಕಾನೂನಿನಲ್ಲಿ ಬೆಲೆ ಇಲ್ಲ. ರಾಜಿ ಆಗಬೇಕಾದರೂ ಅಮೆರಿಕದ ಕಾರ್ಮಿಕ ಇಲಾಖೆ ಒಪ್ಪಬೇಕು. ಅವನನ್ನು ನಿಜವಾಗಿ ಸತಾಯಿಸಿದ್ದು ಇನ್ನೊಂದು: ಗಾಯ ಕ್ಯಾಂಪಿನಲ್ಲೇ ಆಯಿತು ಅನ್ನುವುದಕ್ಕೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಹಾಗಾಗಿ ಅದೇ ದಿನ ಇಮೇಲ್ ಅಥವಾ ವಾಟ್ಸಾಪ್ ಕಳಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫಾರಂ ಕೂಡ ಕೊಡಿ. ಕ್ಯಾಂಪಿನಲ್ಲಿ ಚಿಕಿತ್ಸೆ ಕೊಡುವ ಮೆಡಿಕ್ ಬರೆದ ಚೀಟಿಯ ಫೋಟೋ ತೆಗೆಯಿರಿ. ವಿಮೆ ಕಂಪನಿಯ ಹೆಸರಿರುವ ನೋಟಿಸನ್ನು ಕೆಲಸದ ಜಾಗದಲ್ಲಿ ಹಾಕಲೇಬೇಕು ಅನ್ನುವ ನಿಯಮವಿದೆ. ಸೇರಿದ ದಿನವೇ ಅದರ ಫೋಟೋ ತೆಗೆದುಕೊಳ್ಳಿ. "ಮೂವತ್ತು ಪರ್ಸೆಂಟ್ ಕೊಡಿ, ಕ್ಲೇಮ್ ಮಾಡಿಸ್ತೀವಿ" ಅನ್ನುವವರನ್ನು ದೂರ ಇಡಿ. ಈ ಕೇಸುಗಳಲ್ಲಿ ಇಲಾಖೆಯ ಅಥವಾ ಕೋರ್ಟಿನ ಒಪ್ಪಿಗೆ ಇಲ್ಲದೆ ವಕೀಲರೂ ಫೀಸು ತೆಗೆದುಕೊಳ್ಳುವಂತಿಲ್ಲ.

ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ನಮ್ಮ ಸರ್ಕಾರದ ವಿಮೆಯಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಬೆನ್ನು ಹೋಗಿ ಬದುಕಿರುವವನಿಗೆ ಅಮೆರಿಕದ ಕಾನೂನೇ ಎಷ್ಟೋ ಮೇಲು. ಆದರೆ ಅದರಲ್ಲೂ ಒಂದು ಅನ್ಯಾಯ ಇದೆ. ಅಮೆರಿಕದಲ್ಲಿ ವಾಸ ಇಲ್ಲದ ವಿದೇಶಿಯರಿಗೆ ಮುಂದೆ ಬರಬೇಕಾದ ಕಂತುಗಳನ್ನು ಅರ್ಧ ಬೆಲೆಗೆ ಒಟ್ಟಿಗೆ ಚುಕ್ತಾ ಮಾಡಲು ವಿಮೆಯವರಿಗೆ ಅವಕಾಶ ಕೊಟ್ಟಿದ್ದಾರೆ. ಮುರಿದ ಬೆನ್ನಿಗೆ ಪಾಸ್‌ಪೋರ್ಟ್ ನೋಡಿ ಬೆಲೆ ಕಟ್ಟುವುದು ಸರಿಯಲ್ಲ.

ಇನ್ನೊಂದು ಎಚ್ಚರಿಕೆ. ರಷ್ಯಾ ಸೇನೆಯ "ಹೆಲ್ಪರ್" ಕೆಲಸವನ್ನು ಇದರ ಜೊತೆ ಸೇರಿಸಬೇಡಿ. ಸೆಕ್ಯುರಿಟಿ ಕೆಲಸ ಅಂತ ನಂಬಿ ಹೋದ ಕಲಬುರಗಿಯ ಹುಡುಗರನ್ನು ಯುಕ್ರೇನ್ ಯುದ್ಧಕ್ಕೆ ತಳ್ಳಿದ್ದರು. 2024ರಲ್ಲಿ ಅವರು ವಾಪಸ್ ಬರುವಷ್ಟರಲ್ಲಿ ಮನೆಯವರು ಪಟ್ಟ ಪಾಡು ಸಾಕಾಯಿತು. ಅಲ್ಲಿಗೆ ಹೋಗಲೇಬೇಡಿ.

ಕಾಂಟ್ರ್ಯಾಕ್ಟ್, ವಿಮೆ ನೋಟಿಸು, ಸಂಬಳದ ಚೀಟಿ, ಮೂರರ ಪ್ರತಿಯನ್ನೂ ಕೈಗೆ ಸಿಕ್ಕ ಕೂಡಲೇ ಮನೆಗೆ ಕಳಿಸಿ. ನಿಮಗೇನಾದರೂ ಆದರೆ ಒಂದು ವರ್ಷದೊಳಗೆ ಕ್ಲೇಮ್ ಹಾಕಬೇಕಾದವರು ಮನೆಯವರೇ.