ಬಾಡಿಗೆ ಕಟ್ಟಿಸಿದ್ದೂ ದನಿ, ಸಿನಿಮಾ ಮಾಡಿಸಿದ್ದೂ ದನಿ

ಸಿನಿಮಾದಲ್ಲಿ ಅವಕಾಶ ಹೇಗೆ ಸಿಗುತ್ತದೆ ಅಂತ ಕೇಳಿಕೊಂಡು ಬರುವ ಹುಡುಗರನ್ನು ನಾನು ಮೊದಲು ವಿಚಾರಿಸುವುದು ಬಾಡಿಗೆಯನ್ನು. ತಿಂಗಳ ಕೊನೆಗೆ ಅದನ್ನು ಹೇಗೆ ಕಟ್ಟುತ್ತೀಯ? ಒಳ್ಳೊಳ್ಳೆಯ ನಟರು ಊರಿಗೆ ವಾಪಸಾದದ್ದನ್ನು ಕಂಡಿದ್ದೇನೆ. ಒಂದು ಪಾತ್ರಕ್ಕೂ ಇನ್ನೊಂದಕ್ಕೂ ನಡುವಿನ ಖಾಲಿ ತಿಂಗಳುಗಳೇ ಅವರನ್ನು ಸೋಲಿಸಿದ್ದು. ನಾನು ಅವನ್ನು ದಾಟಿದ್ದು ಡಬ್ಬಿಂಗ್‌ನಿಂದ.

ನಮ್ಮದು ಲಿಂಗಸುಗೂರು ಕಡೆಯ ಹಳ್ಳಿ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಕಟ್ಟಡದ ಕೆಲಸಕ್ಕೆ. ನಾನು ಅಜ್ಜಿಯ ಹತ್ತಿರ ಉಳಿಯುತ್ತಿದ್ದೆ. ಜಾತ್ರೆಗೆ ಊರವರೇ ಆಡುವ ನಾಟಕದ ತಾಲೀಮು ತಿಂಗಳುಗಟ್ಟಲೆ ನಡೆಯುತ್ತಿತ್ತು. ಮಾತು ತಪ್ಪಿದವನನ್ನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಬೈಯುತ್ತಿರಲಿಲ್ಲ, ಶ್ರುತಿ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಆಡುವ ಮಾತಿಗೂ ಶ್ರುತಿ ಬೇಕು ಅನ್ನುವುದು ನನ್ನ ಕಿವಿಗೆ ಬಿದ್ದದ್ದು ಅಲ್ಲಿ.

ಡಿಗ್ರಿ ಮುಗಿಸಿ ಹೆಗ್ಗೋಡಿನ ನೀನಾಸಂ ಸೇರಿದೆ. ಅಲ್ಲಿಯ ರಂಗಶಿಕ್ಷಣ ಕೇಂದ್ರವನ್ನು ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದ್ದು. ನಟನೆ ಕಲಿಯಲು ಹೋದವನೂ ಸೆಟ್ಟಿಗೆ ಮೊಳೆ ಹೊಡೆಯಬೇಕು, ಲೈಟು ಕಟ್ಟಬೇಕು. ಆಮೇಲೆ ನೀನಾಸಂನ ಸಂಚಾರಿ ನಾಟಕ ತಂಡವಾದ ‘ತಿರುಗಾಟ’ದಲ್ಲಿ ಊರೂರು ಸುತ್ತಿದೆ. ಹಗಲು ಸಾಮಾನು ಇಳಿಸಿ ರಂಗ ಕಟ್ಟುವುದು, ಸಂಜೆ ಬಣ್ಣ ಹಚ್ಚುವುದು, ನಾಟಕ ಮುಗಿದ ಮೇಲೆ ಮತ್ತೆ ಸಾಮಾನು ತುಂಬುವುದು. ಮುಂದೆ ಸಿನಿಮಾ ಸೆಟ್ಟಿನಲ್ಲಿ ಯಾವ ಕೆಲಸವೂ ನನಗೆ ಕೀಳೆನಿಸಲಿಲ್ಲ, ಹೊಸದೂ ಅನಿಸಲಿಲ್ಲ.

ಬೆಂಗಳೂರಿನಲ್ಲಿ ಮೂವರು ಸೇರಿ ಸುಂಕದಕಟ್ಟೆಯಲ್ಲಿ ಒಂದು ರೂಮು ಹಿಡಿದೆವು. ಆಡಿಷನ್‌ಗೆ ಹೋದಲ್ಲೆಲ್ಲ ಒಂದೇ ಮಾತು: ನಿನ್ನ ಕನ್ನಡ ಆ ಕಡೆಯದು, ಕಾಮಿಡಿ ಇದ್ದರೆ ಕರೀತೀವಿ. ನಮ್ಮ ಭಾಷೆ ಇರುವುದೇ ನಗಿಸಲಿಕ್ಕೆ ಅನ್ನುವ ಈ ತೀರ್ಮಾನವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಗೆಳೆಯನೊಬ್ಬ ಗುಂಪು ಡಬ್ಬಿಂಗ್‌ಗೆ ಕರೆದೊಯ್ದ. ಸಂತೆ, ಪಂಚಾಯ್ತಿ, ಮದುವೆಮನೆಯ ದೃಶ್ಯಗಳಲ್ಲಿ ಹಿಂದೆ ಕೇಳಿಸುವ ಗದ್ದಲವನ್ನು ಐದಾರು ಜನ ಮೈಕಿನ ಸುತ್ತ ನಿಂತು ಎಬ್ಬಿಸುವ ಕೆಲಸ. ಅಲ್ಲಿಂದ ಒಂದೆರಡು ಸಾಲಿನ ಪಾತ್ರಗಳಿಗೆ ಬಂದೆ. ಆಮೇಲೆ ಮುಂಬೈ, ಹೈದರಾಬಾದಿನಿಂದ ಬರುವ ಖಳನಟರಿಗೆ ನನ್ನ ಗಡಸು ಗಂಟಲು ಒಗ್ಗಿತು.

ಈ ಕೆಲಸದಲ್ಲಿ ಮೊದಲು ಓದಬೇಕಾದದ್ದು ತುಟಿ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ತೆರೆಯ ಮೇಲಿನವನು ಬೇರೆ ಭಾಷೆಯಲ್ಲಿ ಮಾತಾಡಿರುತ್ತಾನೆ. ಅವನ ತುಟಿ ಮುಚ್ಚಿದ ಕ್ಷಣಕ್ಕೆ ನನ್ನ ಹಾಳೆಯಲ್ಲಿ ‘ಹೋಗಲಿ’ ಅಂತ ಬರೆದಿದ್ದರೆ ಅದು ಕೂರುವುದಿಲ್ಲ, ‘ಬಿಡು’ ಅಂದರೆ ಕೂರುತ್ತದೆ. ಅರ್ಥ ಕೆಡಬಾರದು, ಸಿಟ್ಟು ಇಳಿಯಬಾರದು, ಉದ್ದವೂ ಅಷ್ಟೇ ಇರಬೇಕು. ಮಾತಿಗೆ ಮೊದಲು ನಟ ಎಳೆದುಕೊಳ್ಳುವ ಸಣ್ಣ ಉಸಿರನ್ನು ಬಿಟ್ಟರೆ ಮುಖ ಒಬ್ಬನದು, ದನಿ ಇನ್ನೊಬ್ಬನದು ಅನ್ನುವುದು ಪ್ರೇಕ್ಷಕನಿಗೆ ತಕ್ಷಣ ಗೊತ್ತಾಗುತ್ತದೆ. ಒಂದೇ ತುಣುಕನ್ನು ಮತ್ತೆ ಮತ್ತೆ ನೋಡುತ್ತ, ಒಳ್ಳೆಯ ನಟರು ಎಲ್ಲಿ ಮಾತು ನುಂಗುತ್ತಾರೆ, ಕಟ್ ಎಲ್ಲಿ ಬಿದ್ದರೆ ಮಾತಿಗೆ ಬಲ ಬರುತ್ತದೆ ಅನ್ನುವುದು ತಲೆಗೆ ಹತ್ತಿತು. ಸಂಭಾಷಣೆ ಬರೆಯುವುದನ್ನೂ ಎಡಿಟಿಂಗನ್ನೂ ನಾನು ಕಲಿತದ್ದು ಹೀಗೆ, ಕೂಲಿ ಪಡೆದುಕೊಂಡು.

ಪಾತ್ರ ಮಾಡಿದ ದುಡ್ಡಿಗೆ ಎಷ್ಟೋ ಸಲ ಬಿಡುಗಡೆಯ ತನಕ ಕಾದಿದ್ದೇನೆ. ಡಬ್ಬಿಂಗ್ ದುಡ್ಡು ಬಹುಪಾಲು ಸಂಜೆಗೇ ಕೈ ಸೇರುತ್ತಿತ್ತು. ಪರಭಾಷಾ ಚಿತ್ರಗಳ ಕನ್ನಡ ಡಬ್ಬಿಂಗ್‌ಗೆ ಅಡ್ಡಿ ಮಾಡುವುದರ ವಿರುದ್ಧ, ವ್ಯಾಪಾರದ ಪೈಪೋಟಿಗೆ ಯಾರೂ ತಡೆ ಒಡ್ಡದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. ಕ್ರಮೇಣ ಕೆಲಸವೂ ಹೆಚ್ಚಿತು. ಮನೆಗೆ ಕಳಿಸಿ ಉಳಿದದ್ದನ್ನು ನನ್ನ ಸಿನಿಮಾಕ್ಕೆ ಎತ್ತಿಟ್ಟೆ.

ಪವನ್ ಕುಮಾರ್ ‘ಲೂಸಿಯಾ’ವನ್ನು ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿ 2013ರಲ್ಲಿ ತೆರೆಗೆ ತಂದಿದ್ದರು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದರು. ಇವೆರಡೂ ಕಣ್ಣೆದುರಿಗಿದ್ದದ್ದರಿಂದ ನನಗೆ ಧೈರ್ಯ ಬಂತು. ಸಣ್ಣ ಸಣ್ಣ ಪಾಲುದಾರರನ್ನು ಸೇರಿಸಿಕೊಂಡು ನಮ್ಮೂರಲ್ಲೇ ಗುಳೆಯ ಕಥೆ ಮಾಡಿದೆ, ಮಗನ ಪಾತ್ರವನ್ನೂ ನಾನೇ ಮಾಡಿದೆ. ಡಬ್ಬಿಂಗ್‌ನಿಂದ ಬದುಕಿದವನು ಈ ಚಿತ್ರಕ್ಕೆ ಮಾತ್ರ ಸ್ಥಳದಲ್ಲೇ ದನಿ ಹಿಡಿಯಲು ಹಟ ಹಿಡಿದೆ. ನಮ್ಮೂರ ಅಜ್ಜಿಯೊಬ್ಬಳು ರೊಟ್ಟಿ ಬಡಿಯುತ್ತ ಆಡುವ ಮಾತನ್ನು ಸ್ಟುಡಿಯೋದಲ್ಲಿ ಮತ್ತೆ ತರುವುದು ಆಗದ ಕೆಲಸ. ರೊಟ್ಟಿ ತಟ್ಟುವ ಸದ್ದಿಗೆ ತಕ್ಕಂತೆ ಮಾತು ನಿಂತು ನಿಂತು ಬರುತ್ತದೆ. ಪಂಪ್‌ಸೆಟ್, ಟ್ರ್ಯಾಕ್ಟರ್ ಶುರುವಾಗುವ ಮುಂಚೆ, ನಸುಕಿನಲ್ಲೇ ಅಂಥ ದೃಶ್ಯಗಳನ್ನು ಮುಗಿಸುತ್ತಿದ್ದೆವು.

ಹೊಸಬರು ಕಾಗದಪತ್ರದ ಕೆಲಸವನ್ನು ಕೊನೆಗೆ ತಳ್ಳಬೇಡಿ. ಚಿತ್ರದಲ್ಲಿ ಎತ್ತು, ಎಮ್ಮೆ ಇದ್ದರೂ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಪಾತ್ರ ಬೀಡಿ ಸೇದಿದರೆ ತೆರೆಯ ಮೇಲೆ ಎಚ್ಚರಿಕೆಯ ಸಾಲು ಬೇಕು, ಆರಂಭದಲ್ಲೂ ನಡುವೆಯೂ ಆರೋಗ್ಯ ಸಂದೇಶ ಬೇಕು. ಇವಿಲ್ಲದೆ ಸೆನ್ಸಾರ್ ಮುಂದೆ ಸಾಗುವುದಿಲ್ಲ, ಅಷ್ಟು ದಿನವೂ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ.

ಚಿತ್ರ ರಾಯಚೂರು, ಕಲಬುರಗಿ, ಹುಬ್ಬಳ್ಳಿಯಲ್ಲಿ ಚೆನ್ನಾಗಿ ಓಡಿತು. ಆಮೇಲೆ ಬೆಂಗಳೂರು ಕರೆಯಿತು. ಪಾಲುದಾರರ ಹಣ ಮರಳಿತು, ಅಪ್ಪ ಅವ್ವ ಗುಳೆ ಹೋಗುವುದು ನಿಂತಿತು. ಈಗ ಎರಡನೆಯ ಚಿತ್ರದ ಕೆಲಸ ನಡೆಯುತ್ತಿದೆ. ಇದರಲ್ಲಿ ಸಂತೆಯ ದೃಶ್ಯಗಳಿವೆ, ಗುಂಪು ಡಬ್ಬಿಂಗ್ ಬೇಕೇ ಬೇಕು. ಅದಕ್ಕೆ ಬರುವವರ ದುಡ್ಡನ್ನು ಅದೇ ಸಂಜೆ ಕೊಡಬೇಕೆಂದು ಮ್ಯಾನೇಜರ್‌ಗೆ ಮೊದಲೇ ಹೇಳಿಟ್ಟಿದ್ದೇನೆ.