ಪುಟ್ಟಿಯಲ್ಲಿ ಸೈನಿಕನ ಬೊಂಬೆ ಮಾಡೋರಿಗೆ

ಸುಮಾರು 54 ಎಂಎಂ ಎತ್ತರದ ಬೊಂಬೆ ಈಗಷ್ಟೇ ಶುರು ಮಾಡಿರೋರು ದಯವಿಟ್ಟು ಒಂದೇ ಸಲ ಕೂತು ಮುಗಿಸೋಕೆ ಹೋಗ್ಬೇಡಿ. ತಂತಿ ಬಗ್ಗಿಸಿ ಮೈಕಟ್ಟಿನ ಆಕಾರ ಮಾಡ್ಕೊಂಡು ತೆಳ್ಳಗೆ ಪುಟ್ಟಿ (ಎರಡು ಭಾಗ ಕಲಸಿದ್ರೆ ಗಟ್ಟಿಯಾಗೋ ಎಪಾಕ್ಸಿ ಮುದ್ದೆ) ಹಚ್ಚಿ ಒಂದಿನ ಬಿಡಿ, ಆಮೇಲೆ ಪ್ಯಾಂಟು, ಅದು ಗಟ್ಟಿಯಾದ್ಮೇಲೆ ಕೋಟು, ಬೆಲ್ಟು ಬಟನ್ನು ಎಲ್ಲಾ ಕೊನೆಗೆ. ನಾನೊಮ್ಮೆ ಅವಸರದಲ್ಲಿ ಕಾಲರ್ ತಿದ್ದೋವಾಗ ಹೆಬ್ಬೆಟ್ಟು ತಾಗಿ ಎರಡು ದಿನದ ಕೆಲಸ ಚಪ್ಪಟೆ ಆಗೋಯ್ತು, ತುಂಬಾ ಬೇಜಾರಾಗಿತ್ತು.

ಹಳದಿ ನೀಲಿ ಪಟ್ಟಿ ಜೋಡಿಸಿರೋ ಗ್ರೀನ್ ಸ್ಟಫ್ ಅನ್ನೋ ಪುಟ್ಟಿ ತಗೊಂಡ್ರೆ ಎರಡೂ ಬಣ್ಣ ಅಂಟ್ಕೊಂಡಿರೋ ಮಧ್ಯದ ಗೆರೆನ ಬ್ಲೇಡಲ್ಲಿ ಕತ್ತರಿಸಿ ಎಸೀರಿ. ಅಲ್ಲಿ ಆಗ್ಲೇ ಗಟ್ಟಿ ಆಗಿರುತ್ತೆ, ಕಲಸಿದ್ರೆ ಸಣ್ಣ ಸಣ್ಣ ಕಾಳಾಗಿ ಮುಖದ ಮೇಲೆ ಎದ್ದು ಕಾಣುತ್ತೆ. ಟೂಲ್ ತುದಿ ನೀರಲ್ಲಿ ಅದ್ಕೊಂಡೇ ಕೆಲಸ ಮಾಡಿ, ಅಂಟಲ್ಲ.

ಇನ್ನು ಪೇಂಟು. 1815ರ ವಾಟರ್ಲೂ ಯುದ್ಧದ ಕಾಲದ ಬ್ರಿಟಿಷ್ ಕಾಲಾಳು ಅಂದ್ರೆ ಕೆಂಪು ಕೋಟಿನ ಮೇಲೆ ಬಿಳಿ ಬೆಲ್ಟು ಅಡ್ಡಡ್ಡ ಬರುತ್ತಲ್ಲ, ಅದಕ್ಕೆ ನೇರ ಬಿಳಿ ಬಳೀಬೇಡಿ. ಮೊದ್ಲು ತಿಳಿ ಬೂದು, ಮೇಲೆ ನೀರಾಗಿಸಿದ ಬಿಳಿ ಎರಡು ಮೂರು ಸಲ, ಕೊನೆಗೆ ಬೆಲ್ಟಿನ ಅಂಚಲ್ಲಿ ಕಡು ಕಂದು ಬಣ್ಣದ ಕೂದಲೆಳೆಯಷ್ಟು ಗೆರೆ ಎಳೆದ್ರೆ ಬೆಲ್ಟು ಕೋಟಿಂದ ಬೇರೆಯಾಗಿ ಎದ್ದು ನಿಲ್ಲುತ್ತೆ, ನೋಡೋಕೆ ಖುಷಿಯಾಗುತ್ತೆ. ಕಾಲರ್, ಕಫ್ (ತೋಳಿನ ತುದಿಯ ಪಟ್ಟಿ) ಬಣ್ಣ ಮಾತ್ರ ರೆಜಿಮೆಂಟ್ ನೋಡ್ಕೊಂಡೇ ಹಾಕಿ, 33ನೇದಕ್ಕೆ ಕೆಂಪು, 42ನೇದಕ್ಕೆ ನೀಲಿ. ಮತ್ತೆ ಒಣಗಿದ ಪುಟ್ಟಿ ಉಜ್ಜೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಒಳ್ಳೇದಲ್ಲ.