ನಾಯಿಗೆ ಹೊಸ ಊಟ: ಒಂದು ವಾರದ ಲೆಕ್ಕ

ನಮ್ಮ ನಾಯಿ ಕರಿಯ ಕುಂದಾಪುರದ ಮನೆಯಲ್ಲಿ ಗಂಜಿ, ಮೀನು ತಿಂದು ಬೆಳೆದವನು. ಅಮ್ಮ ನಮ್ಮೊಂದಿಗೆ ಇರಲು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಾಗ ಅವನೂ ಬಂದ. ಬಂದ ದಿನವೇ ಬಟ್ಟಲು ತುಂಬ ಡಾಗ್ ಫುಡ್ ಹಾಕಿದೆವು. ಖುಷಿಯಲ್ಲೇ ತಿಂದ. ಬೆಳಗಾಗುವಷ್ಟರಲ್ಲಿ ಮೂರು ಸಲ ಭೇದಿ. ಪಾಪ, ತಪ್ಪು ಅವನದಲ್ಲ, ಆ ಊಟದ್ದೂ ಅಲ್ಲ. ಅವಸರ ಮಾಡಿದ್ದು ನಾವು.

ನಾಯಿಯ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ದಿನವೂ ಸಿಗುವ ಊಟಕ್ಕೆ ಒಗ್ಗಿರುತ್ತವೆ. ಊಟ ಏಕಾಏಕಿ ಬದಲಾದರೆ ಅವಕ್ಕೆ ಹೊಂದಿಕೊಳ್ಳಲು ಸಮಯ ಸಾಲುವುದಿಲ್ಲ. ಸರಿಯಾಗಿ ಜೀರ್ಣವಾಗದ್ದು ಕರುಳಿಗೆ ನೀರು ಎಳೆಯುತ್ತದೆ. ಮಲ ತೆಳ್ಳಗಾಗುವುದು ಹೀಗೆ.

ಹಾಗಾಗಿ ಹಳೆಯ ಊಟ ಇನ್ನೂ ಒಂದು ವಾರಕ್ಕೆ ಆಗುವಷ್ಟು ಇರುವಾಗಲೇ ಹೊಸದನ್ನು ತನ್ನಿ. ಅದು ಪೂರ್ತಿ ಮುಗಿದ ಮೇಲೆ ಅಂಗಡಿಗೆ ಓಡಿದರೆ ಬೆರೆಸಲು ಏನೂ ಉಳಿದಿರುವುದಿಲ್ಲ, ಅಲ್ವಾ?

ಅಳತೆಗೆ ಒಂದು ಲೋಟ ಇಟ್ಟುಕೊಳ್ಳಿ. ನಾಯಿ ದಿನಕ್ಕೆ ನಾಲ್ಕು ಲೋಟ ತಿನ್ನುತ್ತದೆ ಎಂದುಕೊಳ್ಳೋಣ. ಮೊದಲ 2 ದಿನ ಹಳೆಯದು ಮೂರು, ಹೊಸದು ಒಂದು. ಮುಂದಿನ 2 ದಿನ ಎರಡಕ್ಕೆ ಎರಡು. 5 ಮತ್ತು 6ನೇ ದಿನ ಹಳೆಯದು ಒಂದು, ಹೊಸದು ಮೂರು. 7ನೇ ದಿನದಿಂದ ಪೂರ್ತಿ ಹೊಸದು. ಚೆನ್ನಾಗಿ ಕಲಸಿ ಕೊಡಿ. ಇಲ್ಲದಿದ್ದರೆ ರುಚಿಯಾದದ್ದನ್ನಷ್ಟೇ ಆರಿಸಿ ತಿನ್ನುತ್ತದೆ. ಹೊಟ್ಟೆ ಸೂಕ್ಷ್ಮವಾಗಿರುವ ನಾಯಿಗೆ 10ರಿಂದ 14 ದಿನ ಬೇಕಾದರೂ ತೆಗೆದುಕೊಳ್ಳಿ. ಮಲ ಸ್ವಲ್ಪ ಮೆತ್ತಗಾದರೆ ಹಿಂದಿನ ಅಳತೆಗೆ ಮರಳಿ, ಗಟ್ಟಿಯಾದ ಮೇಲೆ ಮುಂದುವರಿಯಿರಿ.

ಮುಂಬೈ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ತೆರೆದಿಟ್ಟ ಚೀಲ ಬೇಗ ತೇವ ಹಿಡಿದು ಬೂಸ್ಟು ಬರುತ್ತದೆ. ಚಿಕ್ಕ ಚೀಲವೇ ತಂದು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ.

ಹೊಟ್ಟೆ ಕೆಟ್ಟೇಬಿಟ್ಟಿದ್ದರೆ 2–3 ದಿನ ಸಪ್ಪೆ ಊಟ. ಚರ್ಮ, ಮೂಳೆ ತೆಗೆದ ಕೋಳಿಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ. ಒಂದು ಪಾಲು ಮಾಂಸಕ್ಕೆ ಎರಡು ಪಾಲು ಮೆತ್ತಗೆ ಬೆಂದ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಸೇರಿಸಿ. ಕುಚ್ಚಲಕ್ಕಿ ಈಗ ಬೇಡ, ತೌಡು ಜಾಸ್ತಿ. ಇದನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕು ಸಲ ಕೊಡಿ. ನೀರು ಸದಾ ಎದುರಿಗಿರಲಿ. ಹಾಲು ಕೊಡಬೇಡಿ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಅದು ಜೀರ್ಣವಾಗುವುದಿಲ್ಲ. ಉಳಿದ ಸಾರೂ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳುಮಾಡುತ್ತವೆ. ನಮ್ಮ ಭೇದಿ ಮಾತ್ರೆ, ಜ್ವರದ ಮಾತ್ರೆಗಳನ್ನಂತೂ ಮುಟ್ಟಲೇಬೇಡಿ.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಪದೇ ಪದೇ ವಾಂತಿ, ಏಳಲಾರದ ಸುಸ್ತು: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಪಶುವೈದ್ಯರಲ್ಲಿಗೆ ಹೋಗಿ. ಒಸಡು ಮುಟ್ಟಿ ನೋಡಿ. ಒದ್ದೆಯಾಗಿ ಜಾರುವ ಬದಲು ಒಣಗಿ ಅಂಟುತ್ತಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಬೇರೇನೂ ಇಲ್ಲದೆ ಬರೀ ಭೇದಿಯಾದರೂ 2 ದಿನಕ್ಕಿಂತ ಜಾಸ್ತಿ ಎಳೆದರೆ ತೋರಿಸಲೇಬೇಕು. ಮರಿಯಾದರೆ ಅದೇ ದಿನ ಹೊರಡಿ. ಊಟದಿಂದಲೇ ಎಂದು ನಾವು ಅಂದುಕೊಂಡದ್ದು ಪಾರ್ವೊ ಎಂಬ ವೈರಸ್ ರೋಗ ಆಗಿರಬಹುದು. ಹಾಗಿದ್ದರೆ ಮರಿಗಳಿಗೆ ಒಂದೊಂದು ಗಂಟೆಯೂ ಮುಖ್ಯ.

ಹೋಗುವಾಗ ಲಸಿಕೆಯ ಪುಸ್ತಕ, ಹೊಸ ಊಟದ ಚೀಲ ಎರಡೂ ಕೈಯಲ್ಲಿರಲಿ. ಮಲದ ಫೋಟೋ ತೆಗೆದುಕೊಳ್ಳಿ, ಮುಜುಗರ ಬೇಡ. ಹೇಗಿತ್ತು, ಎಷ್ಟು ಸಲ ಎಂದು ವೈದ್ಯರು ಮೊದಲು ಕೇಳುವುದೇ ಅದನ್ನು.